‘ಇಲ್ಲಿ ಇಲ್ಲ’ ಎಂಬ ಮಾತಿನ ತೂಕ

(ಹೈದರಾಬಾದಿನ ಕೊಂಡಾಪುರದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಪಂಪನೋ ಬಸವಣ್ಣನೋ ಕುಮಾರವ್ಯಾಸನೋ ಬರುತ್ತಾನೆಂದು ಕಾದು ಕುಳಿತವರ ಕ್ಷಮೆಯನ್ನು ಮೊದಲೇ ಕೇಳಿಬಿಡುತ್ತೇನೆ. ಈ ದತ್ತಿಯ ಪತ್ರದಲ್ಲಿ ‘ಜನಕ್ಕೆ ಉಪಯೋಗವಾಗುವ ಯಾವ ವಿಷಯವಾದರೂ ಸರಿ’ ಎಂದು ಬರೆದಿದೆಯಂತೆ. ಆ ಒಂದು ಸಾಲಿನ ಸಂದಿಯಲ್ಲಿ ನಾನು ನುಸುಳಿಕೊಂಡು ಬಂದಿದ್ದೇನೆ. ಇವತ್ತಿನ ವಿಷಯ ಇಷ್ಟೇ: ಕಳೆದುಹೋದ ಮನುಷ್ಯನನ್ನು ಹುಡುಕಲು ಹೊರಡುವ ಸ್ವಯಂಸೇವಕರಿಗೆ ಒಬ್ಬ ಮುಂದಾಳು ಬೇಕು, ಆ ಮುಂದಾಳನ್ನು ತಯಾರು ಮಾಡುವುದು ಹೇಗೆ?

ಇದು ಹಿಮಾಲಯದ ವಿಷಯ, ಪಶ್ಚಿಮಘಟ್ಟದ ವಿಷಯ, ಐಟಿ ಕಟ್ಟಡಗಳ ನಡುವೆ ಇದಕ್ಕೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ನನ್ನ ಅಭಿಪ್ರಾಯ ಬದಲಾದದ್ದು ಯಾವ ಕಾಡಿನಲ್ಲೂ ಅಲ್ಲ, ನಮ್ಮದೇ ಅಪಾರ್ಟ್‌ಮೆಂಟಿನ ಎರಡನೆಯ ನೆಲಮಾಳಿಗೆಯಲ್ಲಿ.

ಒಂದು ರಾತ್ರಿ

ಕೆಲವು ಮಳೆಗಾಲಗಳ ಹಿಂದಿನ ಮಾತು. ಸೇಡಂ ಕಡೆಯ ನಿವೃತ್ತ ಮಾಸ್ತರರೊಬ್ಬರು ಹೆಂಡತಿಯೊಡನೆ ಮಗನ ಮನೆಗೆ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮರೆವಿನ ಕಾಯಿಲೆ. ಸಂಜೆ ಏಳರ ಸುಮಾರಿಗೆ ಬಾಗಿಲು ತೆರೆದು ಹೊರಗೆ ಹೋದವರು ಒಂಬತ್ತಾದರೂ ಬರಲಿಲ್ಲ. ಮುಂಬಾಗಿಲಿನ ಕ್ಯಾಮೆರಾದಲ್ಲಿ ಅವರು ಕಾಣಲಿಲ್ಲ. ಹಿಂಬಾಗಿಲಿನ ಕ್ಯಾಮೆರಾ ಕೆಟ್ಟು ಹದಿನೈದು ದಿನವಾಗಿತ್ತು. ಹಿಂಬಾಗಿಲಿನಿಂದಲೇ ಹೋಗಿದ್ದಾರೆ ಎಂದು ಯಾರೋ ಹೇಳಿದರು. ಹತ್ತು ನಿಮಿಷದಲ್ಲಿ ಅದು ಊಹೆಯಾಗಿ ಉಳಿಯಲಿಲ್ಲ, ಸುದ್ದಿಯಾಯಿತು.

ಜನಕ್ಕೇನೂ ಕಮ್ಮಿ ಇರಲಿಲ್ಲ. ನಲವತ್ತು ಮಂದಿ ಸೇರಿದರು. ಬೈಕುಗಳು ಹೊರಟವು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹರಿದಾಡಿತು. ಬೊಟಾನಿಕಲ್ ಗಾರ್ಡನ್ನಿನ ಗೇಟಿನವರೆಗೆ ಐದು ಬೈಕು ಹೋಗಿ ಬಂದವು, ಒಂದಕ್ಕೆ ಇನ್ನೊಂದು ಹೋದದ್ದು ಗೊತ್ತಿಲ್ಲದೆ. ನನ್ನ ಪಾಲಿಗೆ ಬಂದದ್ದು ಎರಡನೆಯ ನೆಲಮಾಳಿಗೆ. ಇಳಿಜಾರಿನ ಬುಡದಲ್ಲಿ ನಿಂತು ಮೊಬೈಲ್ ಟಾರ್ಚು ಹಾಯಿಸಿದೆ. ಸಾಲುಸಾಲು ಕಾರು. ‘ಅಂಕಲ್, ಅಂಕಲ್’ ಎಂದು ಎರಡು ಸಲ ಕೂಗಿದೆ. ಮೇಲೆ ಬಂದು ಗುಂಪಿನಲ್ಲಿ ಬರೆದೆ: ‘ಬಿ-2 ನೋಡಿದೆ, ಇಲ್ಲ.’ ನನಗಿಂತ ಮುಂಚೆ ಒಬ್ಬರು, ನನ್ನ ನಂತರ ಇನ್ನೊಬ್ಬರು ಅಲ್ಲಿಗೇ ಇಳಿದು ಅದನ್ನೇ ಬರೆದಿದ್ದರು. ಮೂರು ‘ಇಲ್ಲ’ ಸೇರಿದ ಮೇಲೆ ಆ ನೆಲಮಾಳಿಗೆ ನಮ್ಮ ಲೆಕ್ಕದಿಂದಲೇ ಹೊರಗೆ ಹೋಯಿತು.

ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಸುಸ್ತಾಗಿ ಲಾಬಿಯಲ್ಲಿ ಕುಳಿತಿದ್ದಾಗ ಮೂರನೆಯ ಮಹಡಿಯ ಹುಡುಗಿಯೊಬ್ಬಳು, ನರ್ಸಿಂಗ್ ಓದುವವಳು, ಮಾಸ್ತರರ ಹೆಂಡತಿಯ ಪಕ್ಕದಲ್ಲಿ ಕುಳಿತು ಕೇಳಿದಳು: ‘ಅಮ್ಮಾ, ಸಂಜೆ ಹೊತ್ತು ಅವರು ಏನು ಮಾಡ್ತಾರೆ?’ ಆ ತಾಯಿಯನ್ನು ಅಷ್ಟು ಹೊತ್ತಿನವರೆಗೆ ಯಾರೂ ಏನೂ ಕೇಳಿರಲಿಲ್ಲ. ‘ಗಾಬರಿ ಆಗಬ್ಯಾಡ್ರಿ, ಕೂಡ್ರಿ’ ಎಂದು ಎಲ್ಲರೂ ಸಮಾಧಾನ ಹೇಳಿದ್ದೆವು, ಅಷ್ಟೇ. ಅವರು ಹೇಳಿದರು: ‘ಸಂಜಿ ಆಯ್ತಂದ್ರ ಬಾಗಲಾ ಹಾಕ್ಯಾರೋ ಇಲ್ಲೋ ಅಂತ ನೋಡ್ಕೋತ ಹೋಗ್ತಾರ್ರಿ. ಸಾಲ್ಯಾಗ ಇದ್ದಾಗಿಂದ ಅದೇ ಚಾಳಿ.’

ಬಾಗಿಲುಗಳು! ಮಹಡಿಯಿಂದ ಮಹಡಿಗೆ ಮೆಟ್ಟಿಲು ಇಳಿಯುತ್ತ ಒಂದೊಂದು ಬಾಗಿಲನ್ನೂ ಮುಟ್ಟಿ ನೋಡುವ ಮನುಷ್ಯ ಕೊನೆಗೆ ಎಲ್ಲಿಗೆ ತಲುಪಬೇಕು? ಎರಡನೆಯ ನೆಲಮಾಳಿಗೆಗೆ. ಜನರೇಟರ್ ಕೋಣೆಯ ಹಿಂದೆ ಸ್ಟೋರಿನ ಬಾಗಿಲಿದೆ. ಅದರ ಮುಂದೆ, ಮೂಲೆಯಲ್ಲಿ, ಗೋಡೆಗೆ ಒರಗಿ ಕುಳಿತಿದ್ದರು. ನಾನು ಟಾರ್ಚು ಹಿಡಿದು ನಿಂತಿದ್ದ ಜಾಗದಿಂದ ಅಲ್ಲಿಗೆ ಮೂವತ್ತೆರಡು ಹೆಜ್ಜೆ, ಆಮೇಲೆ ಅಳೆದಿದ್ದೇನೆ. ‘ಅಂಕಲ್’ ಎಂಬ ಕೂಗು ಅವರಿಗೆ ಕೇಳಿಸಿದ್ದರೂ ಅದು ತಮ್ಮನ್ನು ಕರೆದದ್ದು ಎಂದು ತಿಳಿಯುವ ದಾರಿ ಅವರಿಗಿರಲಿಲ್ಲ. ಹುಡುಗಿ ‘ಮಾಸ್ತರ್ರೇ’ ಎಂದಾಗ ತಲೆಯೆತ್ತಿ ನೋಡಿ ಕೇಳಿದರಂತೆ: ‘ಗಂಟಿ ಹೊಡೀತೇನು?’

ಮಾಸ್ತರರಿಗೆ ಏನೂ ಆಗಿರಲಿಲ್ಲ, ಸ್ವಲ್ಪ ನೀರಡಿಕೆ ಬಿಟ್ಟರೆ. ಆದರೆ ಏಳು ಗಂಟೆಗಳ ಆ ಹುಡುಕಾಟದಲ್ಲಿ ಅತಿ ದೊಡ್ಡ ತಪ್ಪು ನನ್ನದು. ನೋಡದಿದ್ದುದಲ್ಲ ನನ್ನ ತಪ್ಪು. ನೋಡದೆಯೇ ‘ನೋಡಿದೆ, ಇಲ್ಲ’ ಎಂದದ್ದು.

ಇಲ್ಲ ಎಂಬುದರ ಲೆಕ್ಕ

ಹುಡುಕಾಟಕ್ಕೂ ಒಂದು ಶಾಸ್ತ್ರವಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಡಿಯ ಜಲಾಂತರ್ಗಾಮಿಗಳನ್ನು ಹುಡುಕುವ ಪೀಕಲಾಟದಲ್ಲಿ ಅಮೆರಿಕದ ನೌಕಾಪಡೆಗಾಗಿ ಬರ್ನಾರ್ಡ್ ಕೂಪ್‌ಮನ್ ಎಂಬ ಗಣಿತಜ್ಞ ಮತ್ತವನ ಜೊತೆಗಾರರು ಇದರ ತಳಪಾಯ ಹಾಕಿದರು. ಅದನ್ನೇ ಮುಂದೆ ಬೆಟ್ಟ-ಕಾಡುಗಳಲ್ಲಿ ಕಳೆದವರನ್ನು ಹುಡುಕುವವರು ಬಳಸಿಕೊಂಡರು. ತಿರುಳು ಕಿರಾಣಿ ಅಂಗಡಿಯ ಲೆಕ್ಕದಷ್ಟೇ ಸುಲಭ. ಎರಡು ಪ್ರಶ್ನೆ: ಆತ ಈ ಜಾಗದಲ್ಲಿ ಇರುವ ಸಾಧ್ಯತೆ ಎಷ್ಟು? ಇದ್ದರೆ ನನ್ನ ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು? ಎರಡನ್ನೂ ಗುಣಿಸಿದರೆ ಆತ ಸಿಗುವ ಸಾಧ್ಯತೆ.

ಆ ರಾತ್ರಿಗೇ ಹಚ್ಚಿ ನೋಡೋಣ. ಮಾಸ್ತರರು ಕಟ್ಟಡದೊಳಗೆ ಕೆಳಗೆಲ್ಲೋ ಇರುವ ಸಾಧ್ಯತೆ ನೂರಕ್ಕೆ 50, ಪಕ್ಕದ ಕಟ್ಟಡ ಕಾಮಗಾರಿಯ ಜಾಗದಲ್ಲಿ 30, ಬಸ್‌ಸ್ಟಾಪಿನ ಕಡೆಯ ರಸ್ತೆಯಲ್ಲಿ 20 ಎಂದಿಟ್ಟುಕೊಳ್ಳಿ. ನಾನು ನೆಲಮಾಳಿಗೆಯನ್ನು ಒಂದು ಮಟ್ಟಿಗೆ ಚೆನ್ನಾಗಿಯೇ ನೋಡಿದೆ, ಅಲ್ಲಿದ್ದರೆ ಕಾಣುವ ಸಾಧ್ಯತೆ ನೂರಕ್ಕೆ 60, ಸಿಗಲಿಲ್ಲ ಎಂದೂ ಇಟ್ಟುಕೊಳ್ಳಿ. ಈಗ ನೆಲಮಾಳಿಗೆಯ ಪಾಲು ಸೊನ್ನೆಯಾಗುವುದಿಲ್ಲ. 50ರಲ್ಲಿ 20 ಉಳಿಯುತ್ತದೆ. ಉಳಿದದ್ದನ್ನೆಲ್ಲ ಮತ್ತೆ ನೂರಕ್ಕೆ ಹೊಂದಿಸಿದರೆ ನೆಲಮಾಳಿಗೆಗೆ ಸುಮಾರು 29, ಕಾಮಗಾರಿ ಜಾಗಕ್ಕೆ 43, ರಸ್ತೆಗೆ 29. ಅಂದರೆ ಮೊದಲು ಕಾಮಗಾರಿ ಜಾಗ ನೋಡಿ, ಆಮೇಲೆ ರಸ್ತೆಯ ಜೊತೆಗೆ ನೆಲಮಾಳಿಗೆಯನ್ನೂ ಇನ್ನೊಮ್ಮೆ ನೋಡಿ ಎಂದು ಲೆಕ್ಕವೇ ಹೇಳುತ್ತದೆ. ಆದರೆ ನಾನು ಬರೆದದ್ದೇನು? ‘ಇಲ್ಲ.’ ಅಂದರೆ ನನ್ನ ಕಣ್ಣು ನೂರಕ್ಕೆ ನೂರು ಎಂದಂತೆ. ಆ ಒಂದು ಪದದಿಂದ ನೆಲಮಾಳಿಗೆ ಸೊನ್ನೆಯಾಯಿತು. ನಲವತ್ತು ಮಂದಿ ರಾತ್ರಿಯಿಡೀ ರಸ್ತೆ ಸುತ್ತಿದರು.

ಹುಡುಕಾಟದ ಬಹುಪಾಲು ಸಿಗದಿರುವುದೇ. ಹತ್ತು ತಂಡ ಹೊರಟರೆ ಒಂಬತ್ತು ಬರಿಗೈಯಲ್ಲಿ ಬರುತ್ತವೆ. ಆ ಒಂಬತ್ತೂ ತರುವ ‘ಇಲ್ಲ’ ಎಷ್ಟು ಗಟ್ಟಿ ಎಂಬುದರ ಮೇಲೆ ಹತ್ತನೆಯ ತಂಡ ಎಲ್ಲಿಗೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ. ಹಾಗಾಗಿ ತಂಡದ ಮುಂದಾಳಿನ ತರಬೇತಿಯೆಂದರೆ ಹಗ್ಗ ಕಟ್ಟುವುದಲ್ಲ, ಸ್ಟ್ರೆಚರ್ ಹೊರುವುದಲ್ಲ. ಅವೆಲ್ಲ ಬೇಕು, ಕಲಿಸಬಹುದು. ಮುಖ್ಯವಾದ ತರಬೇತಿ ಒಂದು ‘ಇಲ್ಲ’ವನ್ನು ತೂಕ ಮಾಡಿ ಹೇಳುವುದು. ನಾನು ಇವತ್ತು ಹೇಳಬೇಕೆಂದಿರುವ ಮಾತು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಒತ್ತಾಸೆ.

ಶಿರೂರು, ನಲ್ಲಮಲ

2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿದೆ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಗಂಗಾವಳಿ ನದಿ, ನಡುವೆ ರಸ್ತೆ. ಕೇರಳದ ಚಾಲಕನೊಬ್ಬನ ಲಾರಿ ಕಾಣೆಯಾಗಿತ್ತು. ಲಾರಿ ರಸ್ತೆಯ ಮೇಲೆ ಬಿದ್ದ ಮಣ್ಣಿನಡಿ ಇದೆಯೋ, ನದಿಯಲ್ಲಿದೆಯೋ? ದಿನಗಟ್ಟಲೆ ಈ ಪ್ರಶ್ನೆ ಎರಡು ರಾಜ್ಯಗಳ ಟಿವಿಗಳಲ್ಲಿ ಜಗ್ಗಾಡಿತು. ಎಲ್ಲರೂ ಒಂದೊಂದು ಉತ್ತರ ಹೇಳುತ್ತಿದ್ದರು. ಆದರೆ ರಸ್ತೆಯ ಮೇಲಿನ ಮಣ್ಣನ್ನು ತೆಗೆದು ‘ಇಲ್ಲಿ ಇಲ್ಲ’ ಎಂದು ಹೇಳುವವರೆಗೆ ನದಿಯ ಕಡೆ ಪೂರ್ತಿ ಗಮನ ಹರಿಸಲು ಆಗುವಂತಿರಲಿಲ್ಲ. ಆ ಮೇಲೆಯೇ ಹುಡುಕಾಟ ನದಿಗಿಳಿಯಿತು. ಮಲ್ಪೆಯ ಈಶ್ವರ ಮಲ್ಪೆಯವರಂಥ ಸ್ವಯಂಸೇವಕ ಮುಳುಗುಗಾರರು ಕೆಂಪು ನೀರಿನ ಸೆಳೆತದಲ್ಲಿ ಇಳಿದರು. ನೀರು ಇಳಿದು, ಹೂಳೆತ್ತುವ ಯಂತ್ರ ಬಂದು, ಸೆಪ್ಟೆಂಬರ್ 25ರಂದು ಲಾರಿ ನದಿಯಲ್ಲಿ ಸಿಕ್ಕಿತು. ಎರಡು ತಿಂಗಳ ಮೇಲಾಗಿತ್ತು. ದುಃಖದ ಕತೆ, ಆದರೆ ಸರಿಯಾದ ಒಂದು ‘ಇಲ್ಲ’ ಹೇಗೆ ದುಡಿದು ಸಂಪಾದಿಸಬೇಕಾದದ್ದು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಹೈದರಾಬಾದಿನ ನೆನಪಿನಲ್ಲಿರುವ ದೊಡ್ಡ ಹುಡುಕಾಟ 2009ರದು. ಸೆಪ್ಟೆಂಬರ್ 2ರ ಬೆಳಿಗ್ಗೆ ಬೇಗಂಪೇಟೆಯಿಂದ ಹಾರಿದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ನಲ್ಲಮಲ ಕಾಡಿನ ಮೇಲೆ ಸಂಪರ್ಕ ಕಳೆದುಕೊಂಡಿತು. ವಾಯುಪಡೆ, ಅರೆಸೇನಾಪಡೆ, ಪೊಲೀಸರು, ಕಾಡಿನ ಚೆಂಚು ಜನ, ಎಲ್ಲರೂ ಹುಡುಕಾಟದಲ್ಲಿದ್ದರು. ಮರುದಿನ ಬೆಳಿಗ್ಗೆ ಬೆಟ್ಟದ ನೆತ್ತಿಯಲ್ಲಿ ಅವಶೇಷ ಕಂಡಿತು. ಒಳಗಿದ್ದ ಐವರೂ ಉಳಿದಿರಲಿಲ್ಲ. ಮೊದಲ ದಿನ ‘ಎಲ್ಲೋ ಸುರಕ್ಷಿತವಾಗಿ ಇಳಿದಿದ್ದಾರಂತೆ’ ಎಂಬ ಸುದ್ದಿ ಊರೆಲ್ಲ ಹಬ್ಬಿದ್ದನ್ನು ಆಗ ಇಲ್ಲಿದ್ದವರು ಮರೆತಿರಲಾರರು. ಸುಳ್ಳು ‘ಇಲ್ಲ’ದಂತೆ ಸುಳ್ಳು ‘ಇದ್ದಾರೆ’ಯೂ ಹುಡುಕಾಟದ ಶತ್ರುವೇ. ಎರಡೂ ಹುಟ್ಟುವುದು ಒಂದೇ ಬಸಿರಿನಲ್ಲಿ: ನಾವು ನೋಡಿದ್ದಕ್ಕಿಂತ ಹೆಚ್ಚು ಹೇಳುವ ಆತುರದಲ್ಲಿ.

ಹಳು ಸೋವುವವರ ಪಾಠ

ನಾನು ಮಲೆನಾಡಿನವನು. ನಮ್ಮ ಕಡೆ ಹಿಂದೆ ಬೇಟೆಗೆ ಹೊರಟಾಗ ಒಂದಷ್ಟು ಜನ ಹಳು ಸೋವಲು ಹೋಗುತ್ತಿದ್ದರು, ಒಂದಷ್ಟು ಜನ ಬಿಲ್ಲಿಗೆ ನಿಲ್ಲುತ್ತಿದ್ದರು. ಸೋವುವವರು ಸಾಲಾಗಿ ಗದ್ದಲ ಮಾಡುತ್ತ ಪೊದೆ ಬಡಿಯುತ್ತ ಬರಬೇಕು. ಬಿಲ್ಲಿನವರು ಪ್ರಾಣಿ ಓಡಿಬರುವ ಕಂಡಿಗಳಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಆ ಬೇಟೆ ಹೋಯಿತು, ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ವ್ಯವಸ್ಥೆಯ ಶಿಸ್ತನ್ನು ನಾನು ಚಿಕ್ಕವನಿದ್ದಾಗ ಬೇರೊಂದು ಕೆಲಸದಲ್ಲಿ ಕಂಡಿದ್ದೇನೆ.

ದನ ಹುಡುಕಲು ಹೋದ ಹುಡುಗನೊಬ್ಬ ಕತ್ತಲಾದರೂ ಬಂದಿರಲಿಲ್ಲ. ಊರಿನ ಗಂಡಸರೆಲ್ಲ ದೊಂದಿ ಹಿಡಿದು ಹೊರಟಾಗ ಅಂಗಳದಲ್ಲಿ ಅಡ್ಡ ನಿಂತವರು ಒಬ್ಬ ಸಿಡುಕು ಮುದುಕರು, ಹಿಂದೆ ಹಳುವಿನವರಿಗೆ ಮುಂದಾಳಾಗಿದ್ದವರು. ‘ಎಲ್ಲಾ ಕಾಡಿಗೆ ನುಗ್ಗಿದ್ರೆ ಹುಡುಗ ಬಂದ್ರೆ ನೋಡೋರು ಯಾರ್ರೋ?’ ಎಂದು ಬೈದರು. ಇಬ್ಬರನ್ನು ಹಳ್ಳದ ಸಂಕದ ಹತ್ತಿರ ಬೆಂಕಿ ಹಾಕಿಕೊಂಡು ಕೂರಿಸಿದರು, ಒಬ್ಬನನ್ನು ಗದ್ದೆ ಬದುವಿನ ಕೊನೆಗೆ. ಉಳಿದವರನ್ನು ಎಣಿಸಿದರು. ‘ಹನ್ನೊಂದು ಜನ ಹೋಗ್ತಾ ಇದೀರಿ. ಹನ್ನೊಂದು ಜನ ವಾಪಸ್ ಬರ್ಬೇಕು.’ ಕೂ ಹಾಕಿ, ನಿಂತು, ನೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಕೇಳಿ ಎಂದರು. ಹುಡುಗ ಕಾಡಿನಲ್ಲಿ ಸಿಗಲಿಲ್ಲ. ಸಂಕದ ಹತ್ತಿರದ ಬೆಂಕಿ ಕಂಡು ತಾನೇ ಬಂದ.

ಇವತ್ತು ಜಗತ್ತಿನ ಯಾವ ಶೋಧ ತರಬೇತಿಗೆ ಹೋದರೂ ಇದನ್ನೇ ಹೇಳಿಕೊಡುತ್ತಾರೆ. ಮೊದಲು ಜಾಗವನ್ನು ಸುತ್ತುಗಟ್ಟು, ಆತ ದಾಟಿಹೋಗಬಹುದಾದ ಕಂಡಿಗಳಲ್ಲಿ ಜನರನ್ನು ನಿಲ್ಲಿಸು. ಬೆಳಕು, ಶಬ್ದಗಳಿಂದ ಆತನೇ ನಮ್ಮ ಕಡೆ ಬರುವಂತೆ ಮಾಡು. ಆಮೇಲೆ ಸಾಲುಗಟ್ಟಿ ಹುಡುಕು. ಬೇಟೆಗೂ ಇದಕ್ಕೂ ಒಂದೇ ವ್ಯತ್ಯಾಸ: ಬೇಟೆಯಲ್ಲಿ ಗದ್ದಲ ಪ್ರಾಣಿಯನ್ನು ಓಡಿಸಲು, ಇಲ್ಲಿ ಕೂಗಿದ ಮೇಲೆ ಬರುವ ಮೌನ ಮನುಷ್ಯನ ದನಿ ಕೇಳಲು. ನಮ್ಮ ಸ್ವಯಂಸೇವಕರು ಕೂಗುವುದನ್ನು ಚೆನ್ನಾಗಿಯೇ ಮಾಡುತ್ತಾರೆ. ಸುಮ್ಮನಾಗುವುದನ್ನು ಕಲಿಸಲಿಕ್ಕೆ ಮುಂದಾಳು ಬೇಕು.

ಮಲೆನಾಡಿನಲ್ಲಿ ಇನ್ನೊಂದು ನಂಬಿಕೆ ಇತ್ತು: ಕಾಡಿನಲ್ಲಿ ಒಂದು ಬಗೆಯ ಬಳ್ಳಿ ದಾಟಿದರೆ ದಾರಿ ತಪ್ಪಿ ಸುತ್ತಿದಲ್ಲೇ ಸುತ್ತುತ್ತೀರಿ ಎಂದು. ಬಳ್ಳಿಯ ಮಾತು ಹೇಗೋ ಏನೋ, ಸುತ್ತುವ ಮಾತು ನಿಜ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಜೊತೆಗಾರರು ಜನರನ್ನು ಕಾಡಿನಲ್ಲೂ ಮರುಭೂಮಿಯಲ್ಲೂ ನಡೆಸಿ ನೋಡಿದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚುಕಮ್ಮಿ ನೇರ ನಡೆದವರು ಮೋಡ ಮುಚ್ಚಿದಾಗ ತಮಗೇ ಗೊತ್ತಾಗದೆ ಸುತ್ತು ಹೊಡೆದರು. ಕಳೆದುಹೋದವನು ನಾವು ಅಂದುಕೊಂಡಷ್ಟು ದೂರ ಹೋಗಿರುವುದಿಲ್ಲ. ಮರೆವಿನ ಕಾಯಿಲೆಯವರಂತೂ ಎಲ್ಲಾದರೂ ಸಿಕ್ಕಿಕೊಳ್ಳುವವರೆಗೆ ಹೋಗುತ್ತಾರೆ, ಅಲ್ಲೇ ನಿಲ್ಲುತ್ತಾರೆ. ಕರೆದರೆ ಬಹಳ ಸಲ ಓಗೊಡುವುದಿಲ್ಲ. ಅಮೆರಿಕದ ರಾಬರ್ಟ್ ಕೋಸ್ಟರ್ ಸಾವಿರಾರು ಹುಡುಕಾಟಗಳ ದಾಖಲೆ ಕೂಡಿಸಿ 2008ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಮಗು ಒಂದು ರೀತಿ, ಚಾರಣಿಗ ಇನ್ನೊಂದು ರೀತಿ, ಮರೆವಿನ ಮುದುಕರು ಮತ್ತೊಂದು ರೀತಿ ಕಳೆದುಹೋಗುತ್ತಾರೆ. ಆ ಪುಸ್ತಕ ಓದಿದ ಮೇಲೆ ನಮ್ಮ ಮಾಸ್ತರರ ರಾತ್ರಿ ನನಗೆ ಇನ್ನಷ್ಟು ನಾಚಿಕೆ ತಂದಿತು.

ಮುಂದಾಳು ಏನು ಕಲಿಯಬೇಕು

ನಮ್ಮ ದೇಶದಲ್ಲಿ ತರಬೇತಿಯೇ ಇಲ್ಲ ಎಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ನಂತರ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್ ಹುಟ್ಟಿತು. 2016ರಲ್ಲಿ ‘ಆಪದಾ ಮಿತ್ರ’ ಯೋಜನೆ ಪ್ರವಾಹದ ಭಯ ಹೆಚ್ಚಿರುವ 30 ಜಿಲ್ಲೆಗಳಲ್ಲಿ ಶುರುವಾಯಿತು. ಆಮೇಲೆ 350 ಜಿಲ್ಲೆಗಳಿಗೆ, ಒಂದು ಲಕ್ಷ ಸ್ವಯಂಸೇವಕರ ಗುರಿಗೆ ಬೆಳೆಯಿತು. 12 ದಿನಗಳ ತರಬೇತಿ, ಒಂದು ತುರ್ತು ಕಿಟ್ಟು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಶೋಧ ಮತ್ತು ರಕ್ಷಣೆಯ ಪ್ರತ್ಯೇಕ ಕೋರ್ಸೇ ಇದೆ. ಪಕ್ಕದ ಮಹಾರಾಷ್ಟ್ರದಲ್ಲಿ ಸಹ್ಯಾದ್ರಿಯ ಚಾರಣಿಗರ ಸಂಘಗಳು ತಾವೇ ರಕ್ಷಣಾ ತಂಡಗಳಾಗಿವೆ. 2018ರ ಜುಲೈನಲ್ಲಿ ಅಂಬೆನಳಿ ಘಾಟಿನಲ್ಲಿ ಬಸ್ಸು ಕಮರಿಗೆ ಬಿದ್ದಾಗ ಹಗ್ಗ ಹಿಡಿದು ಆ ಆಳಕ್ಕಿಳಿದವರಲ್ಲಿ ಮಹಾಬಲೇಶ್ವರದ ಕಡೆಯ ಸ್ವಯಂಸೇವಕರೂ ಇದ್ದರು.

ಸ್ವಯಂಸೇವಕನನ್ನು ತಯಾರು ಮಾಡುವುದು ಒಂದು ಕೆಲಸ, ಅವರ ಮುಂದಾಳನ್ನು ತಯಾರು ಮಾಡುವುದು ಇನ್ನೊಂದು. ಗಟ್ಟಿಮುಟ್ಟಾದವನೇ, ಎಲ್ಲರಿಗಿಂತ ಮುಂದೆ ಓಡುವವನೇ ಮುಂದಾಳು ಎಂದು ನಾವು ತಿಳಿದಿದ್ದೇವೆ. ಹುಡುಕಾಟದಲ್ಲಿ ಅದು ತಲೆಕೆಳಗು. ಪೊದೆಯೊಳಗೆ ತಲೆ ಹಾಕಿದ ಮುಂದಾಳಿಗೆ ತನ್ನ ಸಾಲು ಕಾಣುವುದಿಲ್ಲ. ಆತನ ಕೈಯಲ್ಲಿರಬೇಕಾದದ್ದು ಕತ್ತಿಯಲ್ಲ, ಪೆನ್ಸಿಲು.

ಮೊದಲನೆಯದು, ಕೇಳಿ ತಿಳಿಯುವುದು. ಕಾಣೆಯಾದವರ ಮನೆಯವರ ಪಕ್ಕದಲ್ಲಿ ಕುಳಿತು ಹದಿನೈದು ನಿಮಿಷ ಪ್ರಶ್ನೆ ಕೇಳುವುದು: ಯಾವ ಚಪ್ಪಲಿ, ಯಾವ ಭಾಷೆ, ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಸಂಜೆ ಹೊತ್ತು ಏನು ಮಾಡುತ್ತಾರೆ. ತೆಲುಗು, ಉರ್ದು, ಹಿಂದಿ, ಇಂಗ್ಲಿಷುಗಳಲ್ಲಿ ಕರೆಯುವ ಈ ಊರಿನಲ್ಲಿ ಒಬ್ಬ ಮನುಷ್ಯ ಬರೀ ಕಲಬುರಗಿ ಕನ್ನಡಕ್ಕೆ ಮಾತ್ರ ತಲೆಯೆತ್ತಿ ನೋಡಬಹುದು. ಮರೆವು ಕಾಯಿಲೆಯಾದಾಗ ಕಲಿತ ಭಾಷೆಗಳು ಮೊದಲು ಜಾರುವುದುಂಟು, ತಾಯ್ನುಡಿ ಕೊನೆಯವರೆಗೆ ಉಳಿಯುವುದುಂಟು. ಹೈದರಾಬಾದಿನ ಕನ್ನಡಿಗರ ಹುಡುಕಾಟದಲ್ಲಿ ಕನ್ನಡ ಬರೀ ಅಭಿಮಾನದ ವಿಷಯವಲ್ಲ, ಅದೊಂದು ಉಪಕರಣ.

ಎರಡನೆಯದು, ಜಾಗ ಹಂಚುವುದು. ಗೊತ್ತಿರುವ ನಾಲ್ಕೈದು ಜನರನ್ನು ಬೇರೆಬೇರೆಯಾಗಿ ಕೂರಿಸಿ, ಒಬ್ಬರದು ಒಬ್ಬರಿಗೆ ಕಾಣದಂತೆ, ಯಾವ ಜಾಗಕ್ಕೆ ನೂರರಲ್ಲಿ ಎಷ್ಟು ಎಂದು ಚೀಟಿಯಲ್ಲಿ ಬರೆಸಿ ಸರಾಸರಿ ತೆಗೆಯುವ ರೂಢಿಯಿದೆ. ಕಾರಣ ಸರಳ: ಒಟ್ಟಿಗೆ ಕೂರಿಸಿದರೆ ಜೋರು ದನಿಯವನ ಊಹೆಯೇ ಎಲ್ಲರ ಊಹೆಯಾಗುತ್ತದೆ. ನಮ್ಮ ಲಾಬಿಯಲ್ಲಿ ಆದದ್ದೂ ಅದೇ.

ಮೂರನೆಯದು, ತಂಡದ ಗಾತ್ರ. 1970ರ ಕ್ಯಾಲಿಫೋರ್ನಿಯಾ ಕಾಳ್ಗಿಚ್ಚುಗಳ ಗೊಂದಲದಿಂದ ಹುಟ್ಟಿದ, ಯಾರ ಕೈಕೆಳಗೆ ಯಾರು ಎಂದು ಗೊತ್ತುಮಾಡುವ ಒಂದು ವ್ಯವಸ್ಥೆಯಿದೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ನಮ್ಮ ದೇಶಕ್ಕೆ ಹೊಂದಿಸಿ ಪ್ರಕಟಿಸಿದ ಮಾರ್ಗಸೂಚಿಗೂ ಅದೇ ಮೂಲ. ಅದರ ಅನುಭವ ಹೇಳುವುದು: ಒಬ್ಬ ಮುಂದಾಳಿನ ಕೈಕೆಳಗೆ ಮೂರಕ್ಕಿಂತ ಕಡಿಮೆ ಬೇಡ, ಏಳಕ್ಕಿಂತ ಹೆಚ್ಚು ಬೇಡ, ಐದಾದರೆ ಹದ. ನಲವತ್ತು ಜನ ಬಂದರೆ ಎಂಟು ಮುಂದಾಳುಗಳು ಬೇಕು. ಆ ರಾತ್ರಿ ನಮ್ಮಲ್ಲಿ ಒಬ್ಬನೂ ಇರಲಿಲ್ಲ.

ನಾಲ್ಕನೆಯದು, ಎಷ್ಟು ಅಂತರದಲ್ಲಿ ನಡೆಯಬೇಕೆಂಬುದು. ಇದಕ್ಕೆ ಪುಸ್ತಕ ಬೇಡ. ಕಾಣೆಯಾದವರ ಬಟ್ಟೆಯ ಬಣ್ಣದ್ದೇ ಒಂದು ಬಟ್ಟೆಯನ್ನು ಆ ಜಾಗದ ಪೊದೆಯಲ್ಲಿ ಇಟ್ಟು, ಅದು ಕಣ್ಣಿಗೆ ಮರೆಯಾಗುವವರೆಗೆ ಹಿಂದಕ್ಕೆ ನಡೆಯಿರಿ. ಎಷ್ಟು ಹೆಜ್ಜೆ? ಅದೇ ನಿಮ್ಮ ಕಣ್ಣಿನ ಅಳತೆ, ಆ ಜಾಗಕ್ಕೆ, ಆ ಬೆಳಕಿಗೆ. ಹಗಲಿನ ಅಳತೆ ರಾತ್ರಿಗೆ ನಡೆಯುವುದಿಲ್ಲ.

ಐದನೆಯದು, ಬೇಡ ಎನ್ನುವುದು. ಸ್ವಯಂಸೇವಕನಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ‘ನೀನು ಯಾರು ಹೇಳೋಕೆ’ ಎಂದರೆ ಮುಂದಾಳಿಗೆ ಉತ್ತರವಿಲ್ಲ. ಆದರೂ ಹರಿಯುವ ನಾಲೆಗೆ ಇಳಿಯಹೊರಟವನನ್ನು, ಮೇ ತಿಂಗಳ ಬಿಸಿಲಿನಲ್ಲಿ ನೀರಿಲ್ಲದೆ ಬಂಡೆ ಹತ್ತುವವನನ್ನು ಆತ ತಡೆಯಬೇಕು. ಆ ಮುದುಕರ ಹನ್ನೊಂದರ ಎಣಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಸರು ಬರೆದು ಎಣಿಸಿ ಕಳಿಸಿದವನಿಗೆ ಎಣಿಸಿ ವಾಪಸ್ ಕೇಳುವ ಅಧಿಕಾರ ತಾನಾಗಿ ಬರುತ್ತದೆ.

ಕೊನೆಯದು, ವಾಪಸ್ ಬಂದು ಹೇಳುವುದು. ‘ನೋಡಿದೆ, ಇಲ್ಲ’ ಎಂದಲ್ಲ. ‘ಇಷ್ಟು ಜಾಗ, ಇಷ್ಟು ಜನ, ಇಷ್ಟು ಅಂತರದಲ್ಲಿ, ಟಾರ್ಚಿನ ಬೆಳಕಿನಲ್ಲಿ ನೋಡಿದೆವು. ಜನರೇಟರ್ ಕೋಣೆಯ ಹಿಂದೆ ನೋಡಲಿಲ್ಲ, ಬೀಗವಿತ್ತು. ಕಂಡದ್ದು: ಒಂದು ಚಪ್ಪಲಿ, ಮುಟ್ಟಿಲ್ಲ, ಗುರುತು ಹಾಕಿದ್ದೇವೆ.’ ನೋಡದ್ದನ್ನು ನೋಡಲಿಲ್ಲ ಎಂದು ಹೇಳಲು ಧೈರ್ಯ ಬೇಕು. ನಲವತ್ತು ಜನರ ಎದುರು ಆ ಧೈರ್ಯ ಕೈಕೊಡುತ್ತದೆ. ಅದಕ್ಕೇ ತರಬೇತಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಇದು ಯಾವುದೂ ಪೊಲೀಸರ ಬದಲಿ ಅಲ್ಲ. ಕಾಣೆಯಾದವರ ದೂರು ಕೊಡಲು 24 ಗಂಟೆ ಕಾಯಬೇಕೆಂಬುದು ಬರೀ ಬಾಯಿಮಾತು, ಅಂಥ ನಿಯಮವಿಲ್ಲ. ಮೊದಲ ಕರೆ 112ಕ್ಕೆ. ಆಮೇಲೆ ನಮ್ಮ ಕೆಲಸ.

ಮೂಸಿ ತೀರದಿಂದ

ಹೈದರಾಬಾದಿನಲ್ಲಿ ನಿಂತು ಈ ಮಾತಾಡುವವನು 1908ನ್ನು ಮರೆಯುವಂತಿಲ್ಲ. ಆ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15,000 ಜನ ಸತ್ತರು ಎನ್ನುತ್ತಾರೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಒಂದು ಹುಣಸೆಮರ ನೂರೈವತ್ತು ಜನರನ್ನು ತನ್ನ ಕೊಂಬೆಗಳಲ್ಲಿ ಹಿಡಿದುಕೊಂಡು ಉಳಿಸಿತು. ಆ ಮರ ಇನ್ನೂ ಇದೆ, ನೋಡದವರು ಒಮ್ಮೆ ನೋಡಿ ಬನ್ನಿ.

ಮರುವರ್ಷ ನಿಜಾಮರ ಸರ್ಕಾರದ ಕರೆಯ ಮೇಲೆ ಬಂದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅವರ ಸಲಹೆಯ ಫಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನನಗೆ ಹಿಡಿಸುವುದು ಅದಕ್ಕಿಂತ ಮುಂಚಿನದು. ಅವರು ಅಣೆಕಟ್ಟಿನ ಮಾತೆತ್ತುವ ಮೊದಲು ಮೂಸಿಯ ಜಲಾನಯನದ ಕೆರೆಗಳನ್ನು ಎಣಿಸಿದರು: 788. ಅವುಗಳಲ್ಲಿ ಒಡೆದವು ಎಷ್ಟು ಎಂದು ಎಣಿಸಿದರು: ಇನ್ನೂರಕ್ಕೂ ಹೆಚ್ಚು. ಊರೆಲ್ಲ ದೈವಕೋಪ ಎಂದು ಅಳುತ್ತಿದ್ದಾಗ ಒಬ್ಬ ಮನುಷ್ಯ ಪೆನ್ಸಿಲ್ ಹಿಡಿದು ಯಾವ ಕೆರೆ ಒಡೆದಿದೆ, ಯಾವುದು ಒಡೆದಿಲ್ಲ ಎಂದು ಬರೆದುಕೊಳ್ಳುತ್ತಿದ್ದ. ಮುಂದಾಳು ಎಂದರೆ ನನ್ನ ಕಣ್ಣಿಗೆ ಆ ಚಿತ್ರ ಬರುತ್ತದೆ.

ಆ ಮೂಸಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ. ನಮ್ಮ ಮಕ್ಕಳು ವಾರಾಂತ್ಯಕ್ಕೆ ಚಾರಣ ಹೋಗುವ ಜಾಗವೂ ಅದೇ. ಅದೇ ಬೆಟ್ಟದ ಇನ್ನೊಂದು ಕಡೆಯಿಂದ ಹೊರಡುವ ಕಾಗಿಣಾ ಕರ್ನಾಟಕಕ್ಕೆ ಇಳಿದು ನೃಪತುಂಗನ ಮಾನ್ಯಖೇಟದ ದಂಡೆ ಸವರಿ ಹೋಗುತ್ತದೆ. ಬೆಟ್ಟ ಒಂದೇ, ನೀರು ಎರಡು ಊರಿಗೆ. ಚಾರಣಕ್ಕೆ ಹೋಗುವ ಮಕ್ಕಳು ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಎಂದು ಒಂದು ಚೀಟಿ ಬರೆದಿಟ್ಟು ಹೋಗಲಿ. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಜನರ ತಂಡದಲ್ಲಿ ನಾವು 9 ಮಂದಿಯನ್ನು ಕಳೆದುಕೊಂಡೆವು. ಬೆಟ್ಟ ಅನುಭವಿಗಳಿಗೂ ರಿಯಾಯಿತಿ ಕೊಡುವುದಿಲ್ಲ.

ಹತ್ತು ಅಂಗಿ

ಮಾಸ್ತರರು ಸಿಕ್ಕ ಮೇಲೆ ನಾವು ಕೆಲವರು ಒಂದು ಆಟ ಶುರು ಮಾಡಿದೆವು. ಹತ್ತು ಹಳೆಯ ಅಂಗಿಗಳನ್ನು ಎರಡನೆಯ ನೆಲಮಾಳಿಗೆಯಲ್ಲಿ ಬಚ್ಚಿಡುವುದು. ಒಬ್ಬ ಮುಂದಾಳು ನಾಲ್ಕು ಜನರೊಡನೆ ಇಳಿದು ಇಪ್ಪತ್ತು ನಿಮಿಷ ಹುಡುಕಬೇಕು. ಮೇಲೆ ಬಂದು, ಸಿಕ್ಕ ಅಂಗಿಗಳ ಲೆಕ್ಕ ಹೇಳುವ ಮುಂಚೆ, ನೂರಕ್ಕೆ ಎಷ್ಟು ಚೆನ್ನಾಗಿ ನೋಡಿದೆ ಎಂದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಅಂಗಿ ಎಣಿಸುವುದು.

ಮೊದಲ ದಿನ ನಾನು ಬರೆದದ್ದು 95. ಸಿಕ್ಕಿದ್ದು ಆರು ಅಂಗಿ. ನನ್ನ ‘ಇಲ್ಲ’ದ ನಿಜವಾದ ಬೆಲೆ ನೂರಕ್ಕೆ 60 ಎಂದು ನನಗೆ ತಿಳಿದದ್ದು ಹಾಗೆ. ಆ ನರ್ಸಿಂಗ್ ಹುಡುಗಿ 70 ಎಂದು ಬರೆದಳು, ಸಿಕ್ಕಿದ್ದು ಏಳು. ಅವಳ ಕಣ್ಣು ನನ್ನದಕ್ಕಿಂತ ಬಹಳ ಚುರುಕೇನಲ್ಲ, ಒಂದೇ ಅಂಗಿ ಹೆಚ್ಚು. ಆದರೆ ತನ್ನ ಕಣ್ಣು ಎಷ್ಟೆಂದು ಅವಳಿಗೆ ಗೊತ್ತಿತ್ತು. ಈಗ ನಮ್ಮ ತಂಡಕ್ಕೆ ಅವಳೇ ಮುಂದಾಳು. ನಾನು ಅವಳ ನಾಲ್ವರಲ್ಲಿ ಒಬ್ಬ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಅಂಗಿಗಳನ್ನು ಬಚ್ಚಿಡುವ ಕೆಲಸವನ್ನು ಮಾಸ್ತರರ ಹೆಂಡತಿ ವಹಿಸಿಕೊಂಡಿದ್ದಾರೆ. ಅವರು ಎಲ್ಲಿಡುತ್ತಾರೋ ನಮಗೆ ಇನ್ನೂ ಪೂರ್ತಿ ತಿಳಿದಿಲ್ಲ. ಒಂದು ಅಂಗಿಯಂತೂ ಪ್ರತಿಸಲವೂ ಯಾವುದೋ ಒಂದು ಬಾಗಿಲ ಹಿಂದೆಯೇ ಇರುತ್ತದೆ. ಮುಂದಿನ ಸರದಿ ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ. ಬರುವವರು ಹೆಸರು ಬರೆಸಿ ಹೋಗಿ. ಟಾರ್ಚು ತನ್ನಿ, ಪೆನ್ಸಿಲು ನಾವು ಕೊಡುತ್ತೇವೆ.